ಹೊಸ ಪ್ರೊಸೆಸರ್‌ಗೆ ಕಾಯಬೇಕೆ, ಇರುವುದನ್ನೇ ಕೊಳ್ಳಬೇಕೆ: ಗೇಮಿಂಗ್ ಕಂಪ್ಯೂಟರ್ ಜೋಡಿಸುವವರಿಗೆ ಒಂದು ಹೋಲಿಕೆ

ಹಾಸನ, ಚಿಕ್ಕಮಗಳೂರು ಸೀಮೆಯ ಬಹಳಷ್ಟು ಮನೆಗಳಲ್ಲಿ ದೊಡ್ಡ ಖರ್ಚಿಗೆ ಕೈಹಾಕುವ ಕಾಲ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಒಂದು, ಕಾಫಿ ಕೊಯ್ಲು ಮುಗಿಯುತ್ತ ಬೀಜ ಮಾರಿದ ಹಣ ಕೈಸೇರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳು. ಇನ್ನೊಂದು, ದಸರೆಯ ರಿಯಾಯಿತಿ ಮಾರಾಟಗಳಿಂದ ಹಿಡಿದು ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಕಳೆಯುವವರೆಗಿನ ದಿನಗಳು. ಪ್ರೊಸೆಸರ್ ಕಂಪನಿಗಳ ಪಂಚಾಂಗವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಇಂಟೆಲ್ ಮತ್ತು ಎಎಂಡಿ ಏನಾದರೊಂದನ್ನು ಘೋಷಿಸುತ್ತವೆ. ಇಂಟೆಲ್ ತನ್ನ 12ನೇ ತಲೆಮಾರಿನಿಂದ ಕೋರ್ ಅಲ್ಟ್ರಾ 200ರವರೆಗಿನ ನಾಲ್ಕು ಡೆಸ್ಕ್‌ಟಾಪ್ ಸರಣಿಗಳನ್ನೂ 2021ರಿಂದ 2024ರ ನಡುವೆ ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲೇ ಮಾರುಕಟ್ಟೆಗೆ ತಂದಿತು. ಹೀಗಾಗಿ ನಮ್ಮ ಕಡೆಯ ಹುಡುಗನೊಬ್ಬ ಹಣ ಹೊಂದಿಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ “ಇನ್ನೆರಡು ತಿಂಗಳು ತಡೆ, ಹೊಸದು ಬರುತ್ತೆ” ಎನ್ನುವ ಸ್ನೇಹಿತ ಎದುರಾಗಿಯೇ ಆಗುತ್ತಾನೆ.

ಆ ಸ್ನೇಹಿತನ ಮಾತು ಕೆಲವೊಮ್ಮೆ ಸರಿ, ಹಲವು ಸಲ ತಪ್ಪು. ಹೊಸ ಪ್ರೊಸೆಸರ್ ಎಷ್ಟು ವೇಗದ್ದೆಂಬುದನ್ನು ಮೊದಲು ಕೇಳಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ನೀವು ಆಡುವ ಆಟ ಮತ್ತು ನಿಮ್ಮ ಮಾನಿಟರ್ ಆ ವೇಗವನ್ನು ಬಳಸಿಕೊಳ್ಳಬಲ್ಲವೇ, ಹಾಗೂ ಈಗ ಕೊಳ್ಳುವ ಮದರ್‌ಬೋರ್ಡ್‌ನ ಸಾಕೆಟ್‌ಗೆ ಮುಂದಿನ ಪ್ರೊಸೆಸರ್ ಕೂರುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಾಕೆಟ್‌ಗೆ ಮುಂದೆ ದಾರಿಯಿದ್ದರೆ ಕಾಯುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಆಟದಲ್ಲಿ ಪ್ರೊಸೆಸರ್‌ನ ಪಾಲು

ಪರದೆಯ ಮೇಲೆ ಮೂಡುವ ಒಂದೊಂದು ಫ್ರೇಮ್‌ಗೂ (ಬಿಡಿ ಚಿತ್ರಕ್ಕೂ) ಇಬ್ಬರು ದುಡಿಯುತ್ತಾರೆ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಎದುರಾಳಿ ಯಾವ ಕಡೆ ಓಡಬೇಕು ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರ್ ಮುಗಿಸಿ, ಇಂತಿಂಥದ್ದನ್ನು ಬಿಡಿಸು ಎಂಬ ಆದೇಶಗಳನ್ನು ಸಾಲಾಗಿ ಗ್ರಾಫಿಕ್ಸ್ ಕಾರ್ಡ್‌ಗೆ ಒಪ್ಪಿಸುತ್ತದೆ. ಕಾರ್ಡ್ ಅದನ್ನು ಚಿತ್ರವಾಗಿಸುತ್ತದೆ. ಇಬ್ಬರಲ್ಲಿ ನಿಧಾನವಾದವರ ವೇಗವೇ ಆಟದ ವೇಗ. ತೋಟದಲ್ಲಿ ಹಣ್ಣು ಕೊಯ್ಯುವವರು ಎಷ್ಟೇ ಚುರುಕಾಗಿದ್ದರೂ ಪಲ್ಪರ್ ಯಂತ್ರ ಗಂಟೆಗೆ ಎಷ್ಟು ತಾಳುತ್ತದೋ ಅಷ್ಟೇ ಬೀಜ ಕಣಕ್ಕೆ ಬೀಳುವಂತೆ ಇದು. 60 ಹರ್ಟ್ಸ್ ಮಾನಿಟರ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದರಲ್ಲಿ, ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡು ಸಮಯವಿರುತ್ತದೆ. 144 ಹರ್ಟ್ಸ್‌ನಲ್ಲಿ 6.9 ಮಿಲಿಸೆಕೆಂಡು ಮಾತ್ರ. ಮೊದಲನೆಯದರಲ್ಲಿ ನಾಲ್ಕೈದು ವರ್ಷ ಹಳೆಯ ಆರು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್ ಕೂಡ ಹೆಚ್ಚಿನ ಆಟಗಳಲ್ಲಿ ತನ್ನ ಪಾಲಿನ ಕೆಲಸ ಮುಗಿಸಿ ಕಾರ್ಡ್‌ಗಾಗಿ ಕಾದು ಕೂರುತ್ತದೆ. ಎರಡನೆಯದರಲ್ಲಿ, ಅದರಲ್ಲೂ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳನ್ನು 1080ಪಿಯಲ್ಲಿ ಗ್ರಾಫಿಕ್ಸ್ ಮಟ್ಟ ತಗ್ಗಿಸಿ ಆಡುವವರಿಗೆ, ಪ್ರೊಸೆಸರ್‌ನ ಬೆಲೆ ತಿಳಿಯತೊಡಗುತ್ತದೆ. ಸೈಬರ್‌ಪಂಕ್ 2077 ಅಥವಾ ರೆಡ್ ಡೆಡ್ ರಿಡೆಂಪ್ಶನ್ 2 ಅನ್ನು 1440ಪಿಯಲ್ಲಿ ಎಲ್ಲ ಅಂದಗಳನ್ನೂ ಏರಿಸಿಕೊಂಡು ಆಡುವವರ ಮಟ್ಟಿಗೆ, ಮಧ್ಯಮ ಬೆಲೆಯ ಕಾರ್ಡ್ ಇದ್ದಲ್ಲಿ ಪ್ರೊಸೆಸರ್ ಬದಲಾಯಿಸಿದ್ದು ಗೊತ್ತೇ ಆಗದಿರಬಹುದು.

ಮನೆಯಲ್ಲಿ ಈಗಾಗಲೇ ಒಂದು ಕಂಪ್ಯೂಟರ್ ಇದ್ದವರು ಇದನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ವಿ-ಸಿಂಕ್ (ಮಾನಿಟರ್‌ನ ವೇಗಕ್ಕೆ ಆಟವನ್ನು ಕಟ್ಟಿಹಾಕುವ ಆಯ್ಕೆ) ಮತ್ತು ಫ್ರೇಮ್ ಮಿತಿಯನ್ನು ಆಫ್ ಮಾಡಿ, ಆಟದ ಒಂದೇ ಜಾಗದಲ್ಲಿ ನಿಂತು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿಕೊಳ್ಳಿ. ಆಮೇಲೆ ರೆಸಲ್ಯೂಶನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಸಂಖ್ಯೆ ಚೆನ್ನಾಗಿ ಏರಿದರೆ ತಡೆಯುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಸಂಖ್ಯೆ ಅಲ್ಲಾಡದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್. ಈ ಪರೀಕ್ಷೆಯಲ್ಲಿ ಕಾರ್ಡ್‌ನದೇ ಕೊರತೆಯೆಂದು ಕಂಡವರು ಹೊಸ ಪ್ರೊಸೆಸರ್‌ಗೆ ಕಾಯುವುದರಲ್ಲಿ ಅರ್ಥವಿಲ್ಲ. ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಡಬ್ಬಿ) ತಾಳುವಂತಿದ್ದರೆ ಈಗಿನ ಕಂಪ್ಯೂಟರ್‌ಗೇ ಒಳ್ಳೆಯ ಕಾರ್ಡ್ ಹಾಕಿಸಿಕೊಂಡು, ಉಳಿದದ್ದನ್ನು ಮುಂದಿನ ವರ್ಷ ಯೋಚಿಸಬಹುದು. ಅಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಹಿಂದೆ ಕಾದವರಿಗೆ ಸಿಕ್ಕಿದ್ದೇನು

ಕಾದು ಗೆದ್ದವರಿದ್ದಾರೆ. 2021ರ ಮಾರ್ಚ್‌ನಲ್ಲಿ ಇಂಟೆಲ್‌ನ 11ನೇ ತಲೆಮಾರು ಬಂದಾಗ ಅದರ ಮೇಲುತುದಿಯ ಐ9-11900ಕೆಯಲ್ಲಿ ಹಿಂದಿನದಕ್ಕಿಂತ ಎರಡು ಕೋರ್ ಕಡಿಮೆ ಇದ್ದವು, ಅಂದರೆ ಹತ್ತರ ಬದಲು ಎಂಟು. ಅದನ್ನು ಬಿಟ್ಟು ಅದೇ ನವೆಂಬರ್‌ವರೆಗೆ ತಡೆದವರಿಗೆ 12ನೇ ತಲೆಮಾರು ಸಿಕ್ಕಿತು. 2022ರ ಜನವರಿಯಲ್ಲಿ ಐ5-12400ಎಫ್ ಬಂದು ಸಾಧಾರಣ ಬಜೆಟ್‌ನವರ ಪಾಲಿಗೆ ಬಹುಕಾಲ ಉಳಿದ ಆಯ್ಕೆಯಾಯಿತು. ಹಾಗೆಯೇ 2022ರ ಸೆಪ್ಟೆಂಬರ್‌ನಲ್ಲಿ ಎಎಂಡಿಯ ರೈಜನ್ 7000 ಬಂದ ಕೂಡಲೇ ಮುಗಿಬೀಳದೆ 2023ರ ಏಪ್ರಿಲ್‌ವರೆಗೆ ಕಾದವರು 449 ಡಾಲರ್‌ನ 7800ಎಕ್ಸ್3ಡಿ ಕಂಡರು. ಎಂಟು ಕೋರ್‌ಗಳ ಆ ಪ್ರೊಸೆಸರ್‌ನಲ್ಲಿ, ಸಾಮಾನ್ಯ 7700ಎಕ್ಸ್‌ನ 32 ಎಂಬಿ ಎಲ್3 ಕ್ಯಾಷ್‌ನ (ಪ್ರೊಸೆಸರ್ ಒಳಗಿನ ಚುರುಕಾದ ಮೆಮೊರಿಯ) ಜಾಗದಲ್ಲಿ 96 ಎಂಬಿ ಇತ್ತು. ಆಟಗಳು ಚಿಕ್ಕಚಿಕ್ಕ ಮಾಹಿತಿಗಳನ್ನು ಕ್ರಮವಿಲ್ಲದೆ, ಮೇಲಿಂದ ಮೇಲೆ ಕೇಳುತ್ತವೆ. ಅವು ಹತ್ತಿರದ ಕ್ಯಾಷ್‌ನಲ್ಲೇ ಸಿಕ್ಕರೆ ಪ್ರೊಸೆಸರ್ ರ‍್ಯಾಮ್‌ವರೆಗೆ ಹೋಗಿಬರುವ ಕಾಲ ಉಳಿಯುತ್ತದೆ. ಹೀಗಾಗಿ ಗಡಿಯಾರ ವೇಗ (ಗಿಗಾಹರ್ಟ್ಸ್) ಕೊಂಚ ಕಡಿಮೆಯಿದ್ದರೂ ಆಟದಲ್ಲಿ ಅದು ತನ್ನ ಸೋದರ ಪ್ರೊಸೆಸರ್‌ಗಳನ್ನೆಲ್ಲ ಹಿಂದಿಕ್ಕಿತು.

ಕಾದು ಸೋತವರ ಕಥೆ ಇನ್ನೂ ಹತ್ತಿರದ್ದು. 2024ರ ಬೇಸಿಗೆಯಲ್ಲಿ ಎಲ್ಲರ ಕಣ್ಣೂ ರೈಜನ್ 9000ದ ಮೇಲಿತ್ತು. ಆಗಸ್ಟ್‌ನಲ್ಲಿ 9600ಎಕ್ಸ್, 9700ಎಕ್ಸ್ ಬಂದವು. ಆಟಗಳಲ್ಲಿ ಹಿಂದಿನ ತಲೆಮಾರಿಗಿಂತ ಅವುಗಳ ಮುನ್ನಡೆ ಅಲ್ಪವಾಗಿತ್ತು, 7800ಎಕ್ಸ್3ಡಿಯನ್ನು ಮುಟ್ಟಲೂ ಆಗಲಿಲ್ಲ. ಸರಿ, ಇಂಟೆಲ್ ನೋಡೋಣವೆಂದು ಅಕ್ಟೋಬರ್ 24ರವರೆಗೆ ಕಾದವರಿಗೆ ಕೋರ್ ಅಲ್ಟ್ರಾ 200 ಸಿಕ್ಕಿತು. ಅದು ವಿದ್ಯುತ್ ಕಡಿಮೆ ಕುಡಿಯುತ್ತಿತ್ತು ನಿಜ, ಆದರೆ ಹಲವು ಆಟಗಳಲ್ಲಿ ತನ್ನದೇ 14ನೇ ತಲೆಮಾರಿಗಿಂತ ಹಿಂದೆ ಬಿತ್ತು. ಅಷ್ಟರಲ್ಲಿ 7800ಎಕ್ಸ್3ಡಿಯ ದಾಸ್ತಾನು ತೆಳುವಾಗಿ, ಹಳತಾದಂತೆ ಇಳಿಯಬೇಕಿದ್ದ ಬೆಲೆ ಏರಿ ಕುಳಿತಿತ್ತು. ನವೆಂಬರ್ 7ರಂದು 479 ಡಾಲರ್‌ಗೆ ಬಂದ 9800ಎಕ್ಸ್3ಡಿ ನಿಜಕ್ಕೂ ವೇಗದ್ದಾಗಿತ್ತು. ಕ್ಯಾಷ್ ಪದರವನ್ನು ಕೋರ್‌ಗಳ ಮೇಲಿನಿಂದ ಕೆಳಕ್ಕೆ ಸರಿಸಿದ್ದರಿಂದ ಶಾಖ ಸುಲಭವಾಗಿ ಹೊರಬಂದು ಗಡಿಯಾರ ವೇಗವನ್ನು ಏರಿಸಲು ಸಾಧ್ಯವಾಗಿತ್ತು. ಆದರೆ ಆ ಬೆಲೆ ಕೊಡಬಲ್ಲವರು ಎಷ್ಟು ಮಂದಿ?

ಕಾಯುವಿಕೆಯ ಲೆಕ್ಕದಲ್ಲಿ ಪ್ರೊಸೆಸರ್ ಒಂದನ್ನೇ ಇಟ್ಟುಕೊಳ್ಳುವುದು ದೊಡ್ಡ ಎಡವಟ್ಟು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಜಿಗಿಯಿತು. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರದಿಂದ ಹೊರಬರುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಪ್ರೊಸೆಸರ್‌ನಲ್ಲಿ ಎರಡು ಸಾವಿರ ಉಳಿಸಲೆಂದು ಆ ವರ್ಷದ ಮಳೆಗಾಲವನ್ನು ಕಳೆದವರು, ಉಳಿಸಿದ್ದಕ್ಕಿಂತ ಹೆಚ್ಚನ್ನು ರ‍್ಯಾಮ್‌ಗೆ ತೆರಬೇಕಾಯಿತು. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇಂಥದ್ದೇ ಗತಿ ಬಂದಿತ್ತು. ಚಿಪ್‌ಗಳ ಕೊರತೆಯ ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗಳಿಂದಲೇ ನಡೆಯುತ್ತಿದ್ದ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಯೂ ಸೇರಿಕೊಂಡಿದ್ದ ಆ ಅಭಾವ, 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಾಯಿಸಿಕೊಂಡ ಹೊತ್ತಿಗೆ ಪೂರ್ತಿ ಸಡಿಲವಾಯಿತು.

ಈಗ ಎದುರಿಗಿರುವ ದಾರಿಗಳು

ಮೊದಲ ದಾರಿ ಹಳೆಯ ವೇದಿಕೆ: ಎಎಂಡಿಯ ಎಎಂ4 ಸಾಕೆಟ್‌ನ ರೈಜನ್ 5 5600, ಇಲ್ಲವೇ ಇಂಟೆಲ್ ಎಲ್‌ಜಿಎ1700ರ ಐ5-12400ಎಫ್. ಎರಡೂ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್‌ನಲ್ಲಿ ನಡೆಯುತ್ತವೆ (ಇಂಟೆಲ್‌ನದರಲ್ಲಿ ಬೋರ್ಡ್ ಯಾವುದೆಂದು ನೋಡಿಕೊಳ್ಳಬೇಕು, ಕೆಲವು ಡಿಡಿಆರ್5 ಮಾತ್ರ ಒಪ್ಪುತ್ತವೆ). 60 ಅಥವಾ 75 ಹರ್ಟ್ಸ್ ಮಾನಿಟರ್ ಇರುವವರಿಗೆ, ಕೈಯಲ್ಲಿ ಆಗಲೇ ಡಿಡಿಆರ್4 ರ‍್ಯಾಮ್ ಇರುವವರಿಗೆ ಇದರಲ್ಲಿ ಕೊರಗಲು ಏನೂ ಇಲ್ಲ. ಕೊರತೆಯಿರುವುದು ಮುಂದಿನ ದಾರಿಯಲ್ಲಿ. ಎಎಂ4 ತನ್ನ ಕಾಲದಲ್ಲಿ ದೊಡ್ಡ ಉಪಕಾರ ಮಾಡಿತು; 2017ರಲ್ಲಿ ಮೊದಲ ರೈಜನ್‌ಗೆಂದು ಕೊಂಡ ಬಿ350 ಬೋರ್ಡ್‌ಗಳಲ್ಲಿ ಹಲವಕ್ಕೆ 2022ರಲ್ಲಿ ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 5800ಎಕ್ಸ್3ಡಿ ಕೂರಿಸಲು ಸಾಧ್ಯವಾಯಿತು. ಆದರೆ ಆ ಸಾಕೆಟ್‌ನ ಏಣಿ ಈಗ ಅಲ್ಲಿಗೇ ಮುಗಿದಿದೆ. ಎಲ್‌ಜಿಎ1700ರಲ್ಲಿ 14ನೇ ತಲೆಮಾರಿನವರೆಗೆ ಏರಬಹುದಾದರೂ, 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಅಸ್ಥಿರತೆ ಕಾಣಿಸಿಕೊಂಡು, 2024ರ ಆಗಸ್ಟ್‌ನಲ್ಲಿ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟದ್ದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮರೆಯಬಾರದು. 12ನೇ ತಲೆಮಾರಿಗೆ ಆ ತೊಂದರೆಯಿಲ್ಲ.

ಎರಡನೆಯ ದಾರಿಯೇ ಹೆಚ್ಚಿನವರಿಗೆ ತಕ್ಕದ್ದೆಂದು ನನಗೆ ಕಾಣುತ್ತದೆ: ಎಎಂ5 ಸಾಕೆಟ್‌ನ ಒಳ್ಳೆಯ ಬಿ650 ಬೋರ್ಡ್, ಅದರ ಮೇಲೆ ರೈಜನ್ 5 7600. 2023ರ ಜನವರಿಯಲ್ಲಿ 229 ಡಾಲರ್‌ಗೆ ಬಂದ ಈ ಪ್ರೊಸೆಸರ್‌ಗೆ ಆರು ಕೋರ್, ಹನ್ನೆರಡು ಥ್ರೆಡ್. 65 ವಾಟ್‌ನದಾದ್ದರಿಂದ ಡಬ್ಬಿಯಲ್ಲೇ ಬರುವ ಕೂಲರ್ ಸಾಕು. ಒಳಗೇ ಚಿಕ್ಕ ಗ್ರಾಫಿಕ್ಸ್ ಕೂಡ ಇದೆ. ಎಎಂ5 ಅನ್ನು 2027 ಮತ್ತು ಅದರಾಚೆಗೂ ನಡೆಸುವುದಾಗಿ ಎಎಂಡಿ ಹೇಳಿದೆ. ಅಂದರೆ ಇಂದು 7600 ಹಾಕಿ ಎರಡು ಮೂರು ವರ್ಷ ಆಡಿ, ಮುಂದೊಂದು ಕೊಯ್ಲಿನ ಹಣದಲ್ಲಿ ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಯಾವುದನ್ನೂ ಮುಟ್ಟದೆ ಹೆಚ್ಚು ಕ್ಯಾಷ್‌ನ ಎಕ್ಸ್3ಡಿ ಮಾದರಿಯೊಂದನ್ನು ಕೂರಿಸಿ, ತೆಗೆದದ್ದನ್ನು ಮಾರಬಹುದು. ಕಾಯುವವನು ಬಯಸುವ ಹೊಸ ಪ್ರೊಸೆಸರ್ ಇವನಿಗೂ ಸಿಗುತ್ತದೆ, ನಡುವಿನ ಆಟ ತಪ್ಪುವುದಿಲ್ಲ. ಈ ದಾರಿ ಹಿಡಿಯುವವರು ಬೋರ್ಡ್‌ನಲ್ಲಿ ಮಾತ್ರ ಜಿಪುಣತನ ತೋರಬಾರದು. ವೋಲ್ಟೇಜ್ ನಿಯಂತ್ರಕಗಳ ಮೇಲೆ ಶಾಖ ಹೀರುವ ಲೋಹದ ಹೊದಿಕೆಯೇ ಇಲ್ಲದ ತೀರ ಅಗ್ಗದ ಬೋರ್ಡ್ ಕೊಂಡರೆ ಮುಂದೆ ಏರಿಸುವ ಮಾತು ಕಾಗದದ ಮೇಲೇ ಉಳಿಯುತ್ತದೆ.

ಮೂರನೆಯದು ಈಗಲೇ ಎಕ್ಸ್3ಡಿ ಕೊಳ್ಳುವುದು. ಹೆಚ್ಚು ಹರ್ಟ್ಸ್‌ನ ಮಾನಿಟರ್ ಇಟ್ಟುಕೊಂಡು ಸ್ಪರ್ಧೆಗಾಗಿ ಆಡುವವರಿಗೆ ಸರಿ. ಉಳಿದವರು ಆ ವ್ಯತ್ಯಾಸದ ಹಣವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಲಿ. ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ ಮತ್ತು 16 ಜಿಬಿ ಮೆಮೊರಿಯ ಎರಡು ರೂಪಗಳಲ್ಲಿ ಬರುತ್ತವೆ. 8ರಿಂದ 16ಕ್ಕೆ ಏರುವುದು ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಏರುವುದಕ್ಕಿಂತ ದೀರ್ಘಕಾಲ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಕಾಯುವುದು. ಹೊಸ ಪ್ರೊಸೆಸರ್‌ನ ಬಿಡುಗಡೆಯ ದಿನಾಂಕವನ್ನು ಕಂಪನಿಯೇ ಘೋಷಿಸಿ ಅದು ಎರಡು ತಿಂಗಳೊಳಗಿದ್ದು, ನಿಮ್ಮ ಪರೀಕ್ಷೆಯಲ್ಲಿ ಪ್ರೊಸೆಸರ್‌ನದೇ ಕೊರತೆ ಕಂಡಿದ್ದರೆ, ಅಥವಾ ನೀವು ಕೊಳ್ಳಹೊರಟ ಸಾಕೆಟ್ ಆ ಬಿಡುಗಡೆಯೊಂದಿಗೆ ಕೊನೆಯಾಗುವುದಿದ್ದರೆ ಕಾಯಬಹುದು. ಸೋರಿಕೆಯ ಸುದ್ದಿ, ಯೂಟ್ಯೂಬ್‌ನ ಊಹೆಗಳನ್ನು ನಂಬಿ ಕಾಯುವುದಕ್ಕೆ ಕೊನೆಯೆಂಬುದಿಲ್ಲ.

ಊರಿನ ಅಂಗಡಿಯೂ ಬೆಂಗಳೂರಿನ ಎಸ್‌ಪಿ ರಸ್ತೆಯೂ

ಬೆಂಗಳೂರಿನವರಿಗೆ ಕೊಡುವ ಸಲಹೆಯನ್ನು ನಮ್ಮ ಜಿಲ್ಲೆಗಳಿಗೆ ಹಾಗೆಯೇ ಅನ್ವಯಿಸಲಾಗದು. ಬಿಡುಗಡೆಯ ದಿನವೆಂಬುದು ಇಲ್ಲಿ ಸಾಮಾನು ಸಿಗುವ ದಿನವಲ್ಲ. “ಮುಂದಿನ ತಿಂಗಳು ಬರುತ್ತಂತಲ್ಲ ಅಣ್ಣ, ಕಾಯೋದಾ?” ಎಂದು ಕೇಳಿದ ಎಂಜಿನಿಯರಿಂಗ್ ಹುಡುಗನಿಗೆ ಹಾಸನದ ಅಂಗಡಿಯವರೊಬ್ಬರು, “ಬರುತ್ತೆ ತಮ್ಮಾ, ಮೊದಲು ಬೆಂಗಳೂರಿಗೆ ಬರುತ್ತೆ. ನಾನು ಆರ್ಡರ್ ಹಾಕಿ ತರಿಸೋ ಹೊತ್ತಿಗೆ ನಿನ್ನ ಸೆಮಿಸ್ಟರ್ ಮುಗಿದಿರುತ್ತೆ” ಎಂದದ್ದು ತಮಾಷೆಯಂತೆ ಕೇಳಿದರೂ ಲೆಕ್ಕಕ್ಕೆ ಹತ್ತಿರವೇ. ಮೊದಲ ವಾರಗಳ ಬೆಲೆಯೂ ಹಾಗೆ. ಅಮೆರಿಕದಲ್ಲಿ ಪ್ರಕಟಿಸುವ ಡಾಲರ್ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಅದನ್ನು ರೂಪಾಯಿಗೆ ತಿರುಗಿಸಿ, ಮೇಲೆ 18 ಶೇಕಡ ಜಿಎಸ್‌ಟಿ ಸೇರಿಸಿದ ಮೇಲೆಯೇ ಇಲ್ಲಿನ ಬೆಲೆಯ ಅಂದಾಜು ಶುರುವಾಗುತ್ತದೆ.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗಿ ತರುವುದರಲ್ಲಿ ಉಳಿತಾಯ ಇರಬಹುದು, ಆದರೆ ಟ್ರೇ ಪ್ರೊಸೆಸರ್ ಎಂದು ಡಬ್ಬಿಯಿಲ್ಲದೆ ಕೊಡುವುದಕ್ಕೆ ಕಂಪನಿಯ ವಾರಂಟಿ ನೇರವಾಗಿ ಇರುವುದಿಲ್ಲ, ಮಾರಿದವರೇ ಹೊಣೆ. ಕೆಟ್ಟರೆ ಅದೇ ಅಂಗಡಿಗೆ ಮತ್ತೆ ನೂರೆಂಬತ್ತು ಕಿಲೋಮೀಟರ್. ಡಬ್ಬಿಯಲ್ಲಿ ಬರುವುದಕ್ಕೆ ಎಎಂಡಿ ಮೂರು ವರ್ಷದ ವಾರಂಟಿ ಕೊಡುತ್ತದೆ. ಉಳಿದದ್ದನ್ನು ಹೊರಗೆ ಕೊಳ್ಳುವುದಾದರೂ ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನು ಊರಿನಲ್ಲೇ, ಬಿಲ್ಲಿನೊಂದಿಗೆ ಕೊಳ್ಳುವುದು ಮೇಲು. ಕೆಟ್ಟದ್ದು ಬೋರ್ಡೋ ಪ್ರೊಸೆಸರೋ ಎಂಬ ವಾದ ಹುಟ್ಟಿದಾಗ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಕೇಳಬಹುದು.

ಬಯೋಸ್ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಹೊಸ ಪ್ರೊಸೆಸರ್‌ಗೆ ಕಾದವರು ಎಡವುವುದು ಹೆಚ್ಚಾಗಿ ಇಲ್ಲಿ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತಿದ್ದ ಬಿ650 ಬೋರ್ಡ್‌ಗೆ ಆಮೇಲೆ ಬಂದ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ. ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಡಬ್ಬಿಯ ಮೂಲೆಯಲ್ಲಿ ರೈಜನ್ 9000ಕ್ಕೆ ಸಿದ್ಧವೆಂಬ ಚೀಟಿ ಅಂಟಿಸಿದೆಯೇ ನೋಡಿ. ಇಲ್ಲದಿದ್ದರೆ ಬೋರ್ಡ್‌ನ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿಗಳ ಪಕ್ಕ ಬಯೋಸ್ ಫ್ಲ್ಯಾಷ್‌ನ ಚಿಕ್ಕ ಗುಂಡಿ ಇದೆಯೇ ನೋಡಿ. ಅದಿದ್ದರೆ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬದಲಿಸಬಹುದು: ಪೆನ್‌ಡ್ರೈವ್ ಅನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಕಂಪನಿಯ ತಾಣದಿಂದ ಇಳಿಸಿಕೊಂಡ ಕಡತಕ್ಕೆ ಬೋರ್ಡ್‌ನ ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಕೊಟ್ಟು, ಗುರುತು ಹಾಕಿದ ಕಿಂಡಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಪಕ್ಕದ ದೀಪ ಮಿಣುಕುತ್ತದೆ, ಕೆಲಸ ಮುಗಿದಾಗ ನಿಲ್ಲುತ್ತದೆ. ಆ ನಾಲ್ಕಾರು ನಿಮಿಷ ಕರೆಂಟು ಹೋಗಬಾರದು. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಯುಪಿಎಸ್ ಇಲ್ಲದೆ ಮಾಡುವುದು ಜೂಜು. ಗುಂಡಿಯೂ ಇಲ್ಲ, ಚೀಟಿಯೂ ಇಲ್ಲವೆಂದಾದರೆ, ಹಳೆಯ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡಿಕೊಡಲು ಅಂಗಡಿಯವರು ಒಪ್ಪಿದ ಮೇಲೆಯೇ ಹಣ ಕೊಡಿ. 7600ರಂಥ ಹಳೆಯ ಮಾದರಿ ಕೊಳ್ಳುವವರಿಗೆ ಈ ತಲೆನೋವಿಲ್ಲ. ಎಎಂ5ನಲ್ಲಿ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು. ಕೆಟ್ಟಿತೆಂದು ಗಾಬರಿಯಾಗಿ ನಡುವೆ ಆಫ್ ಮಾಡುವವರೇ ಹೆಚ್ಚು.

ಕಾಯುವುದೇ ಸರಿಯೆನಿಸಿದರೆ

ಕಾಯಲು ನಿರ್ಧರಿಸಿದವರು ಆ ಎರಡು ತಿಂಗಳಲ್ಲಿ ಏನನ್ನು ಮೊದಲೇ ಕೊಳ್ಳಬಹುದೆಂದೂ ಯೋಚಿಸಬೇಕು. ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿಗಳನ್ನು ಹಬ್ಬದ ರಿಯಾಯಿತಿಯಲ್ಲಿ ಕೊಳ್ಳಬಹುದು, ಏಕೆಂದರೆ ಅವನ್ನು ಬೇರೆ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್‌ಗೆ ಹಾಕಿ ಕೂಡಲೇ ಪರೀಕ್ಷಿಸಲು ಬರುತ್ತದೆ. ಬೋರ್ಡ್ ಮತ್ತು ರ‍್ಯಾಮ್ ಹಾಗಲ್ಲ. ಆನ್‌ಲೈನ್‌ನಲ್ಲಿ ಕೊಂಡ ಬಿಡಿಭಾಗ ದೋಷದ್ದಾದರೆ ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ವಾರ-ಹತ್ತು ದಿನ. ಪ್ರೊಸೆಸರ್ ಬರುವವರೆಗೆ ಡಬ್ಬಿ ಒಡೆಯದೆ ಇಟ್ಟರೆ ಆ ಅವಧಿ ಕಳೆದು, ಆಮೇಲೆ ಸರ್ವಿಸ್ ಸೆಂಟರ್‌ಗೆ ಅಲೆಯುವುದೊಂದೇ ದಾರಿ. ರ‍್ಯಾಮ್ ಬೆಲೆ ಏರುಮುಖವಾಗಿದ್ದು ಅದನ್ನು ಮೊದಲೇ ಕೊಳ್ಳಲೇಬೇಕೆಂದಾದರೆ ಅಂಗಡಿಯಲ್ಲೇ ಕೊಂಡು, ಅವರ ಬಳಿಯಿರುವ ಎಎಂ5 ಬೋರ್ಡೊಂದಕ್ಕೆ ಹಾಕಿಸಿ ಒಮ್ಮೆ ಆನ್ ಮಾಡಿಸಿಕೊಂಡು ಮನೆಗೆ ತನ್ನಿ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ ಕೊಳ್ಳುವ ಯೋಚನೆಯಿದ್ದವರು ಪ್ರೊಸೆಸರ್ ಹೆಸರಿನ ತುದಿಯಲ್ಲಿ ‘ಎಫ್’ ಇರುವ ಮಾದರಿಗಳನ್ನು ಬಿಡುವುದು ಒಳ್ಳೆಯದು. ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲವಾದ್ದರಿಂದ ಕಾರ್ಡ್ ಬರುವವರೆಗೆ ಬೋರ್ಡ್ ಸರಿಯಿದೆಯೋ ಇಲ್ಲವೋ ಎಂದು ನೋಡಲೂ ಸಾಧ್ಯವಾಗುವುದಿಲ್ಲ.